ಪೆನ್ನು ಉಂಟಾ ಮಾರಾಯ್ರೇ?

(ಉಡುಪಿಯಲ್ಲಿ ಆಟಿ ತಿಂಗಳ ಒಂದು ಸಂಜೆ ಆಡಿದ ಮಾತು. ಬರೆದುಕೊಡಿ ಅಂದರು, ಬರೆದಿದ್ದೇನೆ. ಸಭೆಯಲ್ಲಿ ಹೇಳಿದ್ದಕ್ಕಿಂತ ಒಂದೆರಡು ಕಡೆ ಜಾಸ್ತಿ ಆಗಿದೆ, ಒಂದೆರಡು ಕಡೆ ಕಡಿಮೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಾ ಉಂಟಾ? ಮೇಲೆ ತಗಡಿನ ಶೀಟು, ಶೀಟಿನ ಮೇಲೆ ಮಳೆ. ಮೈಕು ಗೆಲ್ಲುವುದು ಕಷ್ಟ. ಕೇಳಿಸದಿದ್ದರೆ ಮುಂದೆ ಬನ್ನಿ, ಮುಂದಿನ ಸಾಲು ಹೇಗೂ ಖಾಲಿ. ಗಣ್ಯರಿಗೆ ಅಂತ ಇಟ್ಟದ್ದು, ಅವರು ಮಳೆಗೆ ಬರಲಿಲ್ಲ.

ನನಗೆ ಕೊಟ್ಟ ವಿಷಯ ‘ಅಪರಿಚಿತರ ಔದಾರ್ಯ’. ಔದಾರ್ಯ ಅಂದ ಕೂಡಲೇ ನನಗೆ ನೆನಪಾಗುವುದು ದೇವಸ್ಥಾನದ ಟ್ಯೂಬ್‌ಲೈಟು. ಕೊಟ್ಟವರ ಹೆಸರು, ಊರು, ಮನೆತನ ಎಲ್ಲ ಅದರ ಮೇಲೆಯೇ ಬರೆದಿರುತ್ತದೆ. ಹೆಸರು ಉದ್ದ ಆದಷ್ಟು ಬೆಳಕು ಕಡಿಮೆ. ನಾನು ಹೇಳಲಿಕ್ಕೆ ಹೊರಟದ್ದು ಯಾರ ಹೆಸರನ್ನೂ ಬರೆಯಲಿಕ್ಕೆ ಆಗದಂಥ ಸಣ್ಣ ಸಂಗತಿಗಳು. ಮುಖ್ಯವಾಗಿ ಒಂದು ಪೆನ್ನಿನ ಬಗ್ಗೆ.

ನಾನು 34 ವರ್ಷ ಬ್ಯಾಂಕಿನಲ್ಲಿ ಕೂತವಳು. ಹೆಚ್ಚಿನ ಕಾಲ ಕೌಂಟರಿನಲ್ಲಿ. ನಮ್ಮ ಕರಾವಳಿ ಬ್ಯಾಂಕುಗಳ ತವರು ಅಂತ ನಾವು ಹೆಮ್ಮೆಪಡುತ್ತೇವೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, ಮರುವರ್ಷ ಇದೇ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೆ ಏಜೆಂಟ್ ಹೋಗುವುದು. ಅದರಿಂದ ಏನಾಯ್ತು ಅಂದರೆ, ಬ್ಯಾಂಕಿಗೆ ಕಾಲಿಡಲು ಹೆದರುತ್ತಿದ್ದವರಿಗೂ ಒಂದು ಪಾಸ್‌ಬುಕ್ ಬಂತು. ಬೀಡಿ ಕಟ್ಟುವವರು, ಮೀನು ಮಾರುವವರು, ಮಲ್ಲಿಗೆ ಕಟ್ಟುವವರು. ಹಣ ಉಳಿಸಲಿಕ್ಕೆ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಫಾರ್ಮ್ ತುಂಬಿಸಲಿಕ್ಕೆ ಮಾತ್ರ ಇನ್ನೊಬ್ಬರ ಕೈ ಬೇಕಿತ್ತು.

ನಮ್ಮ ಬ್ರಾಂಚಿನಲ್ಲಿ ಗೋಡೆಗೆ ತಾಗಿ ಒಂದು ಇಳಿಜಾರು ಮೇಜು ಇತ್ತು. ಅದಕ್ಕೆ ದಾರ ಕಟ್ಟಿದ ಪೆನ್ನು. ಆ ಪೆನ್ನು ಬರೆದದ್ದನ್ನು ನಾನು ನೋಡಿಲ್ಲ. ಹಾಗಾಗಿ ಬ್ಯಾಂಕಿನೊಳಗೆ ಅತಿ ಜಾಸ್ತಿ ಕೇಳಿಬರುತ್ತಿದ್ದ ಮಾತು ಬಡ್ಡಿಯದ್ದಲ್ಲ, ಸಾಲದ್ದಲ್ಲ. ‘ಪೆನ್ನು ಉಂಟಾ ಮಾರಾಯ್ರೇ?’

ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಒಬ್ಬರು ಅಮ್ಮ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಬಂದ ಕೂಡಲೇ ಯಾರನ್ನೂ ಕೇಳುವುದಿಲ್ಲ. ಕಂಬಕ್ಕೆ ಒರಗಿ ನಿಂತು ಇಡೀ ಹಾಲನ್ನು ಒಮ್ಮೆ ನೋಡುತ್ತಾರೆ. ಇಸ್ತ್ರಿ ಶರ್ಟಿನ ಜೇಬಿನಲ್ಲಿ ಎರಡೆರಡು ಪೆನ್ನು ಇಟ್ಟವನನ್ನು ಬಿಟ್ಟುಬಿಡುತ್ತಾರೆ. ಗಡಿಯಾರ ನೋಡುವವನನ್ನು ಬಿಡುತ್ತಾರೆ. ಕೊನೆಗೆ ಫ್ಯಾನಿನ ಕೆಳಗೆ ಸುಮ್ನೆ ನಿಂತ ಒಬ್ಬನ ಹತ್ತಿರ ಹೋಗಿ ಕೇಳುತ್ತಾರೆ, ಪೆನ್ನು ಉಂಟಾ? ಅವನು ಕೊಡುತ್ತಾನೆ. ಪೆನ್ನನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡು, ಆಮೇಲೆ ನಿಜವಾದ ಮಾತು ಬರುತ್ತದೆ. ‘ಸ್ವಲ್ಪ ನೀವೇ ಬರೀತೀರಾ? ಕನ್ನಡಕ ತರ್ಲಿಲ್ಲ.’

ಈ ಕನ್ನಡಕದ ಸಂಗತಿ ನಮಗೆಲ್ಲ ಗೊತ್ತು, ಅಲ್ವಾ? ಆ ಅಮ್ಮನಿಗೆ ಕನ್ನಡಕವೇ ಇಲ್ಲ. ಇದ್ದರೂ ಅಕ್ಷರ ಬರುವುದಿಲ್ಲ. ಕೇಳಿದವನಿಗೂ ಅದು ತಿಳಿಯುತ್ತದೆ. ಅವನು ಏನು ಹೇಳುತ್ತಾನೆ ಗೊತ್ತುಂಟಾ? ‘ನನಗೂ ಹಾಗೆಯೇ ಅಮ್ಮ, ಕನ್ನಡಕ ಇಲ್ಲದಿದ್ರೆ ಎಂತದೂ ಕಾಣುದಿಲ್ಲ.’ ಹೀಗೆ ಹೇಳಿ ಕನ್ನಡಕ ಇಲ್ಲದೆಯೇ ಸಲೀಸಾಗಿ ಬರೆದುಕೊಡುತ್ತಾನೆ! ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ‘ಐನೂರು ರೂಪಾಯಿ ಮಾತ್ರ, ಸರಿ ಅಲ್ವಾ’ ಅಂತ ಸಣ್ಣ ಸ್ವರದಲ್ಲಿ ಕೇಳುತ್ತಾನೆ, ಪಕ್ಕದವರಿಗೆ ಕೇಳಬಾರದು ಅಂತ. ಪಾಸ್‌ಬುಕ್ಕಿನಲ್ಲಿ ಖಾತೆ ನಂಬರಿನ ಮೇಲೆ ಮಾತ್ರ ಕಣ್ಣಿಟ್ಟು ಬಾಕಿ ಪುಟ ಮುಚ್ಚುತ್ತಾನೆ. ಅಮ್ಮ ಮಸಿ ಪ್ಯಾಡಿಗೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕ್ಯಾಲೆಂಡರ್ ನೋಡುತ್ತಾ ನಿಲ್ಲುತ್ತಾನೆ.

ಬರೆದುಕೊಡುವುದು ಯಾರಿಂದಲೂ ಆಗುತ್ತದೆ. ಆ ಕ್ಯಾಲೆಂಡರ್ ನೋಡುವುದು ಉಂಟಲ್ಲ, ಅದನ್ನು ಅವನಿಗೆ ಯಾವ ಶಾಲೆಯಲ್ಲಿ ಕಲಿಸಿದರೋ ಅಂತ ನಾನು ಗಾಜಿನ ಈಚೆ ಕೂತು ಎಷ್ಟೋ ಸಲ ಯೋಚನೆ ಮಾಡಿದ್ದೇನೆ.

ಇಷ್ಟೆಲ್ಲ ನೋಡಿದವಳು ಎಷ್ಟು ಒಳ್ಳೆಯವಳಿರಬೇಕು ಅಂತ ನಿಮಗೆ ಅನಿಸಿದರೆ, ಇನ್ನೊಂದು ಹೇಳುತ್ತೇನೆ. ತಿಂಗಳ ಮೊದಲ ವಾರ, ಸೋಮವಾರ. ಕ್ಯಾಶ್ ಮುಚ್ಚುವ ಹೊತ್ತು. ಲೆಕ್ಕ ತಾಳೆ ಆಗಿರಲಿಲ್ಲ. ಒಬ್ಬರು ಮುದುಕಿ ಸೀದಾ ನನ್ನ ಕೌಂಟರಿಗೇ ಬಂದು, ಗಾಜಿನ ತೂತಿನಲ್ಲಿ ಖಾಲಿ ಫಾರ್ಮ್ ತೂರಿಸಿ, ಬರೆದುಕೊಡ್ತೀರಾ ಮೇಡಮ್ಮಾ ಅಂದರು. ನಾನು ತಲೆ ಎತ್ತದೆ, ‘ಹೊರಗೆ ಯಾರತ್ರ ಆದ್ರೂ ಬರೆಸಿ ಅಮ್ಮ’ ಅಂದೆ. ಬರೆಯಲು ಒಂದು ನಿಮಿಷ ಸಾಕಿತ್ತು. ನೋಟು ಎಣಿಸುವುದನ್ನು ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕು ಅನ್ನುವುದು ನನ್ನ ಕಷ್ಟ.

ಅಷ್ಟರಲ್ಲಿ ಖಾಕಿ ಶರ್ಟಿನ ರಿಕ್ಷಾದವರೊಬ್ಬರು ಸಾಲದ ಕಂತು ಕಟ್ಟಲು ಓಡಿ ಬಂದಿದ್ದರು. ಅವರ ರಿಕ್ಷಾ ಬಾಗಿಲ ಎದುರೇ ಅಡ್ಡ ನಿಂತಿತ್ತು. ಹಿಂದೆ ಯಾವುದೋ ಕಾರಿನವನು ಹಾರ್ನ್ ಹೊಡೆದೇ ಹೊಡೆಯುತ್ತಿದ್ದ. ಅವರು ಆ ಹಾರ್ನಿನ ನಡುವೆಯೇ ಬರೆದರು. ತಾರೀಕು ತಪ್ಪಿತು ಅಂತ ಮೊದಲನೇ ಫಾರ್ಮ್ ಹರಿದು ಎರಡನೆಯದು ತೆಗೆದುಕೊಂಡರು. ಆ ಫಾರ್ಮ್ ನನ್ನ ಕೈಗೆ ಬಂದಾಗ ಅಕ್ಷರ ಮುತ್ತಿನ ಹಾಗಿತ್ತು. ನಾನು ಹಣ ಕೊಟ್ಟೆ. ಆ ಅಮ್ಮ ನೋಟನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ಹೇಳಿದರು, ‘ಪಾಪ, ನಿಮಗೆ ಕೆಲಸ ಜಾಸ್ತಿ.’

ಬೈದಿದ್ದರೆ ಮರೆತುಹೋಗುತ್ತಿತ್ತು. ಆ ದಿನ ಕ್ಯಾಶಿನಲ್ಲಿ 20 ರೂಪಾಯಿ ಕಡಿಮೆ ಬಂತು, ಕೈಯಿಂದ ಹಾಕಿದೆ. ಅದು ಬೇರೆ ವಿಷಯ.

ನನ್ನ ಸಮಾಧಾನಕ್ಕೆ ಬಹಳ ಕಾಲದ ಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಂತ ಇಬ್ಬರು ಮನಶ್ಶಾಸ್ತ್ರದವರು, 1973ರಲ್ಲಿ ಅದನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಪಾದ್ರಿಗಳಾಗಲು ಓದುತ್ತಿದ್ದ 40 ಹುಡುಗರನ್ನು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಿ ಅಂತ ಒಬ್ಬೊಬ್ಬರನ್ನೇ ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕತೆ. ಅದೇ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನದ್ದು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯನನ್ನು ಕುಸಿದು ಬಿದ್ದವನ ಹಾಗೆ ಕೂರಿಸಿದ್ದರು. ಅವನು ಕೆಮ್ಮಬೇಕು, ನರಳಬೇಕು.

ನಿಧಾನಕ್ಕೆ ಹೋದರೂ ಆಗುತ್ತದೆ ಅಂತ ಹೇಳಿ ಕಳಿಸಿದವರಲ್ಲಿ 100ಕ್ಕೆ 63 ಜನ ಅವನಿಗೆ ಏನಾದರೂ ಸಹಾಯ ಮಾಡಿದರು. ಆಗಲೇ ತಡವಾಯ್ತು, ಓಡು ಅಂತ ಕಳಿಸಿದವರಲ್ಲಿ 100ಕ್ಕೆ 10. ತಲೆಯಲ್ಲಿ ಸಮಾರ್ಯದವನ ಕತೆ ಇತ್ತೋ ಇಲ್ಲವೋ ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ ಕತೆಯ ಮೇಲೆ ಭಾಷಣ ಮಾಡಲು ಓಡುವ ಗಡಿಬಿಡಿಯಲ್ಲಿ ಬಿದ್ದವನನ್ನು ದಾಟಿಕೊಂಡು ಹೋದವರೂ ಇದ್ದರು. ನಾನೂ ಈಗ ಭಾಷಣಕ್ಕೆ ಬಂದವಳೇ. ಬರುವ ದಾರಿಯಲ್ಲಿ ಯಾರನ್ನು ದಾಟಿಕೊಂಡು ಬಂದೆನೋ, ನೋಡಲಿಲ್ಲ.

ಕೌಂಟರಿಗೆ ಬರುತ್ತಿದ್ದ ಅಮ್ಮಂದಿರಿಗೆ ಈ ಪ್ರಯೋಗ ಯಾರೂ ಹೇಳಿರಲಿಲ್ಲ. ಆದರೂ ಗಡಿಯಾರ ನೋಡುವವನನ್ನು ಬಿಟ್ಟು ಫ್ಯಾನಿನ ಕೆಳಗಿನವನನ್ನು ಹಿಡಿಯುವ ಲೆಕ್ಕ ಅವರಿಗೆ ಪಕ್ಕಾ ಇತ್ತು. ನಮ್ಮ ರಿಕ್ಷಾದವರು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ, ಹಾರ್ನ್ ಹೊಡೆಸಿಕೊಂಡೇ ಬರೆದರು.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಹತ್ತಿರದ್ದು, ಯಾಕೆಂದರೆ ಅದು ಫಾರ್ಮ್ ತುಂಬಿಸುವುದರ ಬಗ್ಗೆಯೇ. 2008ರದ್ದು, ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಅಂತ ಇಬ್ಬರು ಮಾಡಿದ್ದು. ಗುರುತಿಲ್ಲದವರನ್ನು ನಿಲ್ಲಿಸಿ ಒಂದು ಪ್ರಶ್ನೆಪಟ್ಟಿ ತುಂಬಿಸಿಕೊಡಿ ಅಂತ ಕೇಳಬೇಕು, ಐದು ಪಟ್ಟಿ ತುಂಬಬೇಕು. ಎಷ್ಟು ಜನರನ್ನು ಕೇಳಬೇಕಾದೀತು ಅಂತ ಮೊದಲೇ ಅಂದಾಜು ಮಾಡಿಸಿದರು. 20 ಜನ ಅಂದರು. ಹೋಗಿ ಕೇಳಿದರೆ ಸುಮಾರು 10 ಜನರಲ್ಲೇ ಕೆಲಸ ಮುಗಿಯಿತು. ಅಂದರೆ ಇಲ್ಲ ಅನ್ನುವವರು ನಮ್ಮ ತಲೆಯಲ್ಲಿರುವಷ್ಟು ಹೊರಗೆ ಇಲ್ಲ. ನಮ್ಮಂಥ ಓದಿದವರಿಗೆ ಮಾತ್ರ ಬಾಯಿ ಬರುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ಮೂರು ಸುತ್ತು ಹೊಡೆದೇವು, ದಾರಿ ಕೇಳಲಿಕ್ಕಿಲ್ಲ.

ಕೇಳದೆಯೇ ನಡೆಯುವ ಒಂದು ಜಾಗ ಅಂದರೆ ಬಸ್ಸು. ಬೆಳಿಗ್ಗೆ ಎಂಟೂವರೆಯ ಉಡುಪಿ–ಮಣಿಪಾಲ ಬಸ್ಸು ಹತ್ತಿ ನೋಡಿ. ನಿಂತ ಶಾಲೆ ಮಕ್ಕಳ ಬ್ಯಾಗೆಲ್ಲ ಕೂತವರ ತೊಡೆ ಮೇಲೆ. ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಸೀಟಿನಿಂದ ಒಂದು ಕೈ ಮೇಲೆ ಬರುತ್ತದೆ, ಬ್ಯಾಗು ಕೆಳಗೆ ಹೋಗುತ್ತದೆ. ನಾನು ಒಮ್ಮೆ ನಾಲ್ಕು ಬ್ಯಾಗು, ಒಂದು ಡ್ರಾಯಿಂಗ್ ಶೀಟಿನ ಸುರುಳಿ, ಒಂದು ಬುತ್ತಿ ಚೀಲ ಹೊತ್ತು ಕೂತಿದ್ದೆ. ಬುತ್ತಿಯಿಂದ ಸಾರು ಸೋರಿ ಸೀರೆಗೆ ಇಳಿಯಿತು. ಆ ಹುಡುಗಿ ಇಳಿಯುವಾಗ ‘ಆಂಟಿ, ಸಾರು ಅಲ್ಲ, ಅದು ಕೊದ್ದೆಲ್’ ಅಂತ, ನಮ್ಮ ಕಡೆಯ ಕಾಯಿ ಅರೆದ ಹುಳಿಯ ಹೆಸರು ಹೇಳಿ ತಿದ್ದಿ ಹೋದಳು.

ಒಳನಾಡಿನ ಹಳ್ಳಿಗಳಿಗಂತೂ ಬಸ್ಸೇ ಅಂಚೆ, ಬಸ್ಸೇ ಕೊರಿಯರ್. ಉಡುಪಿಯಲ್ಲಿ ಮದ್ದು ತೆಗೆದು, ಮೇಲೆ ಹೆಸರು ಬರೆದು ಕಂಡಕ್ಟರ್ ಕೈಯಲ್ಲಿ ಕೊಟ್ಟರಾಯ್ತು. ಇಂಥ ಕಟ್ಟೆ ಹತ್ತಿರ ಯಾರೋ ನಿಂತಿರುತ್ತಾರೆ, ಕೊಡಿ. ನಿಂತಿರದಿದ್ದರೆ ಪಕ್ಕದ ಗೂಡಂಗಡಿಗೆ. ಸಕ್ಕರೆ ಕಾಯಿಲೆಯ ಮದ್ದು, ಮಿಕ್ಸಿಯ ಜಾರು, ಮದುವೆ ಕಾಗದ, ಯಾರದೋ ಕನ್ನಡಕ. ಚೀಟಿ ಇಲ್ಲ, ರಶೀದಿ ಇಲ್ಲ. ಅದೇ ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆಗೆ ನಿಮ್ಮ ಹತ್ತಿರ ಜಗಳ ಮಾಡಿಯಾನು. ಅದೂ ಹೌದು.

ಜಗಳ ಅಂದಾಗ ನೆನಪಾಯ್ತು. ನಮ್ಮ ಊರಿನಲ್ಲಿ ಉಪಕಾರ ಬರುವುದೇ ಬೈಗುಳದ ಜೊತೆ. ಈ ಜನವರಿಯಲ್ಲಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಚೀಲದ ಹಿಡಿ ಕಿತ್ತುಹೋಯಿತು. ಮಟ್ಟುಗುಳ್ಳ ರಸ್ತೆಗೆ ಉರುಳಿದವು. ಗುಂಡಗಿನ ಬದನೆ ಅಲ್ವಾ, ಒಂದೊಂದು ಒಂದೊಂದು ದಿಕ್ಕಿಗೆ. ಹೂ ಮಾರುವ ಹೆಂಗಸೊಬ್ಬರು ಕೂತಲ್ಲಿಂದ ಎದ್ದು, ಬರುತ್ತಿದ್ದ ಬೈಕಿಗೆ ಅಂಗೈ ತೋರಿಸಿ ನಿಲ್ಲಿಸಿ, ಒಂದೂ ಬಿಡದೆ ಹೆಕ್ಕಿದರು. ಹೆಕ್ಕುವಷ್ಟೂ ಹೊತ್ತು ಬೈದರು. ‘ಇಂಥ ಚೀಲಕ್ಕೆ ಇಷ್ಟು ಹಾಕುದಾ? ಓದಿದವರ ಹಾಗೆ ಕಾಣ್ತೀರಿ!’ ಆಮೇಲೆ ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ನಾಲ್ಕು ಎಳೆ ತೆಗೆದು, ನೀರಿನಲ್ಲಿ ಅದ್ದಿ, ಹೊಸೆದು, ಹಿಡಿಗೆ ಬಿಗಿದು ಕೊಟ್ಟರು. ಎಳೆದು ನೋಡಿ, ಇನ್ನೊಂದು ಗಂಟು ಹಾಕಿದರು.

ನನಗೆ ಮುಜುಗರ. ಒಂದು ಚೆಂಡು ಮಲ್ಲಿಗೆ ಕೊಡಿ ಅಂದೆ. ಅವರು ನನ್ನನ್ನು ಒಮ್ಮೆ ನೋಡಿ, ‘ಬೇಡ, ಇವತ್ತು ರೇಟು ಜಾಸ್ತಿ. ಬೇಕಾದ್ರೆ ನಾಳೆ ತಗೊಳ್ಳಿ’ ಅಂದರು.

ಆ ಹೊತ್ತಿಗೆ ಥ್ಯಾಂಕ್ಸ್ ಅಂದರೆ ಚೆನ್ನಾಗಿರುತ್ತಿರಲಿಲ್ಲ. ತುಳುವಿನಲ್ಲಿ ಸೊಲ್ಮೆಲು ಅಂತ ಒಳ್ಳೆಯ ಶಬ್ದ ಉಂಟು, ವೇದಿಕೆಯ ಮೇಲೆ ಚೆನ್ನಾಗಿ ಕೇಳುತ್ತದೆ. ರಸ್ತೆಯಲ್ಲಿ ನಾವು ಹೇಳುವುದು ‘ಬರ್ತೇನೆ ಆಯ್ತಾ.’ ಹಾಗೆಂದೆ. ಅವರು ಬನ್ನಿ ಅಂದರು. ಮುಗಿಯಿತು. ಆ ಬಾಳೆನಾರಿನ ಗಂಟು ಚೀಲದಲ್ಲಿ ಇನ್ನೂ ಉಂಟು.

ಇದಕ್ಕೆಲ್ಲ ಬೇರು ಎಲ್ಲಿ ಅಂತ ಹುಡುಕಿದರೆ ನನಗೆ ಕಾಣುವುದು ನೀರು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ಆದರೂ ಮಾರ್ಚ್–ಏಪ್ರಿಲ್‌ನ ಸೆಕೆಗೆ ನಡೆದು ಬಂದವರ ಗಂಟಲು ಒಣಗುವುದು ತಪ್ಪುವುದಿಲ್ಲ. ಹಾಗಾಗಿ ಮನೆಗೆ ಯಾರು ಬಂದರೂ ಮೊದಲು ಬೆಲ್ಲ, ನೀರು. ನೀವು ಯಾರು, ಎಲ್ಲಿಂದ ಬಂದಿರಿ ಎಲ್ಲ ಆಮೇಲೆ. ಮಂಗಳೂರಿನ ಹಂಪನಕಟ್ಟೆಗೆ ಆ ಹೆಸರು ಬಂದದ್ದು ಅಪ್ಪಣ್ಣನ ಕಟ್ಟೆಯಿಂದ ಅಂತ ಹಿರಿಯರು ಹೇಳುತ್ತಾರೆ. ಅಪ್ಪಣ್ಣ ಅನ್ನುವವರು ಅಲ್ಲಿ ಕಟ್ಟೆಯ ಮೇಲೆ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ. 2021ರಲ್ಲಿ ರಸ್ತೆ ಅಗೆಯುವಾಗ ಅಲ್ಲಿ ಹಳೆಯ ಬಾವಿಯೊಂದು ಸಿಕ್ಕಿತು, ನೀವೂ ಪೇಪರಿನಲ್ಲಿ ಓದಿರಬಹುದು. ಕತೆಗೆ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ಇಡೀ ಮಂಗಳೂರಿನಲ್ಲಿ ಅತಿ ಜಾಸ್ತಿ ಹಾರ್ನ್ ಕೇಳುವ ಜಾಗಕ್ಕೆ, ಒಬ್ಬ ಮನುಷ್ಯ ಸುಮ್ನೆ ಕೂತು ನೀರು ಕೊಟ್ಟ ಕತೆ ಅಂಟಿಕೊಂಡಿದೆ, ಅಷ್ಟು ನನಗೆ ಸಾಕು.

ಈಗ ಬರುವ ಪ್ರಶ್ನೆ ಗೊತ್ತು. ಮೊಬೈಲ್ ಬಂದು ಇದೆಲ್ಲ ಹೋಯ್ತಾ ಮೇಡಂ? ಸ್ವಲ್ಪ ಹೋಗಿದೆ. ಹೇಗೆ ಹೋಯ್ತು ಅಂದರೆ, ಜನ ಕೆಟ್ಟವರಾಗಿ ಅಲ್ಲ. ನಮಗೆ ಕಡಿಮೆ ಬೀಳುವುದು ಕಡಿಮೆಯಾಯಿತು. ಚಿಲ್ಲರೆ ಇಲ್ಲದಿದ್ದರೆ ಅಂಗಡಿಯವರು ‘ಇನ್ನೊಮ್ಮೆ ಬಂದಾಗ ಕೊಡಿ’ ಅನ್ನುತ್ತಿದ್ದರು. ಈಗ ಸ್ಕ್ಯಾನ್ ಮಾಡಿದರೆ ಪೈಸೆ ಪೈಸೆ ಲೆಕ್ಕ ಚುಕ್ತಾ. ಬಾಕಿ ಇಲ್ಲ, ಹಾಗಾಗಿ ಮತ್ತೆ ಹೋಗುವ ನೆಪವೂ ಇಲ್ಲ. ನನಗೆ ಯುಪಿಐ ಇಷ್ಟವೇ. ಚಿಲ್ಲರೆ ಎಣಿಸಿ ಎಣಿಸಿ ಬೆರಳು ಸವೆದವಳು ನಾನು. ಆದರೂ ಮೊನ್ನೆ ಮಲ್ಪೆಯಲ್ಲಿ ನೆಟ್‌ವರ್ಕ್ ಸಿಗದೆ ಫೋನಿನಲ್ಲಿ ಚಕ್ರ ತಿರುಗುತ್ತಾ ಇದ್ದಾಗ, ಮೀನಿನ ಅಕ್ಕ ಬಂಗುಡೆ ಕಟ್ಟು ನನ್ನ ಚೀಲಕ್ಕೆ ಹಾಕಿ ‘ಮನೆಗೆ ಹೋಗಿ ಕಳಿಸಿ’ ಅಂದರು. ನನ್ನ ಹೆಸರು ಅವರಿಗೆ ಗೊತ್ತಿಲ್ಲ.

ಭಯ ಜಾಸ್ತಿಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಕನ್ನಡಕ ತರ್ಲಿಲ್ಲ ಅನ್ನುವ ಅಮ್ಮ ಇವತ್ತು ಎಟಿಎಂ ಎದುರು ನಿಂತಿದ್ದಾರೆ. ಕೈಯಲ್ಲಿ ಕಾರ್ಡು, ಕಾರ್ಡಿನ ಕವರಿನ ಮೇಲೆ ಪಿನ್ ನಂಬರು. ಹಿಂದೆ ನಿಂತವನ ಹತ್ತಿರ ಸ್ವಲ್ಪ ತೆಗೆದುಕೊಡಿ ಅನ್ನುತ್ತಾರೆ. ಬ್ಯಾಂಕಿನವಳಾಗಿ ನಾನು ಹೇಳಲೇಬೇಕು, ದಯವಿಟ್ಟು ಕೊಡಬೇಡಿ. ಕಾರ್ಡು ಬದಲಾಯಿಸಿ ಮೋಸ ಮಾಡುವವರಿದ್ದಾರೆ. ಪಿನ್ನು, ಒಟಿಪಿ ಯಾರಿಗೂ ಹೇಳಬೇಡಿ. ಒಳಗೆ ಹೋಗಿ ಕೌಂಟರಿನಲ್ಲಿ ತೆಗೆಯಿರಿ, ತಲೆ ಎತ್ತದ ನನ್ನಂಥವರು ಸಿಕ್ಕಿದರೂ ಪರವಾಗಿಲ್ಲ. ಹಿಂದೆ ನಿಂತ ಒಳ್ಳೆಯವನಿಗೂ ಹೆದರಿಕೆ, ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರುತ್ತದೆ ಅಂತ. ಕಲ್ಸಂಕದಲ್ಲಿ ಸ್ಕೂಟರಿನಿಂದ ಬಿದ್ದವರನ್ನು ಎತ್ತುವಾಗಲೂ ಇದೇ ಹೆದರಿಕೆ. ಅದಕ್ಕೆ ಮಾತ್ರ ಕಾನೂನು ನಿಮ್ಮ ಕಡೆಗಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಮ್ಮ ರಾಜ್ಯದ್ದೇ ಕಾಯ್ದೆ ಬಂತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಬೇಕು ಅಂತ ಒತ್ತಾಯ ಇಲ್ಲ. ಸೇರಿಸಿ, ಬೇಕಾದರೆ ಬಸ್ಸು ಹತ್ತಿ ಮನೆಗೆ ಹೋಗಿ.

ಗಂಟೆ ನೋಡಬೇಡಿ, ಇನ್ನೊಂದೇ.

ಪಿಂಚಣಿದಾರರಿಗೆ ನವೆಂಬರ್ ಬಂತೆಂದರೆ ಬದುಕಿದ್ದೇವೆ ಅಂತ ತೋರಿಸುವ ಕೆಲಸ. ಜೀವನ ಪ್ರಮಾಣ. ಈಗ ಮೊಬೈಲಿನಲ್ಲೇ ಆಗುತ್ತದೆ, ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಸಾಕು. ಮನೆಯಲ್ಲಿ ಎರಡು ದಿನ ಪ್ರಯತ್ನಪಟ್ಟೆ, ನಾನು ಬದುಕಿದ್ದೇನೆ ಅಂತ ಫೋನು ಒಪ್ಪಲಿಲ್ಲ. ಕೊನೆಗೆ ಬ್ಯಾಂಕಿಗೆ ಹೋದೆ. 34 ವರ್ಷ ಕೂತಂಥದ್ದೇ ಹಾಲು, ಈಗ ನಾನು ಗಾಜಿನ ಆಚೆ. ತುಂಬ ಜನ. ಕಂಬಕ್ಕೆ ಒರಗಿ ನಿಂತೆ. ಇಡೀ ಹಾಲನ್ನು ಒಮ್ಮೆ ನೋಡಿದೆ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತ ಒಬ್ಬಳು ಕಾಲೇಜು ಹುಡುಗಿ. ಹತ್ತಿರ ಹೋದೆ, ಮಾತು ಬರಲಿಲ್ಲ. ಬಾಯಿಂದ ಹೊರಟದ್ದು ಇಷ್ಟೇ, ‘ಮಗಾ, ಕನ್ನಡಕ ತರ್ಲಿಲ್ಲ, ಇದೊಂದು ಸ್ವಲ್ಪ ನೋಡ್ತೀಯಾ?’

ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು.

ಅವಳು ಅದನ್ನು ನೋಡಿದಳು. ಏನೂ ಹೇಳಲಿಲ್ಲ. ಇಯರ್‌ಫೋನ್ ತೆಗೆದು ಫೋನ್ ಕೈಗೆತ್ತಿಕೊಂಡಳು. ‘ಆಂಟಿ, ಇದಕ್ಕೆ ಎರಡು ಆ್ಯಪ್ ಬೇಕು, ನಿಮ್ಮತ್ರ ಒಂದೇ ಉಂಟು.’ ಹಾಕಿದಳು. ಹಾಕಲು ಹೊತ್ತು ಹಿಡಿಯಿತು. ನನ್ನ ಭುಜ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ‘ಕನ್ನಡಕ ತೆಗೀರಿ ಆಂಟಿ’ ಅಂದಳು, ಬಹಳ ಮೆತ್ತಗೆ. ‘ಈಗ ಮಿಟುಕಿಸಿ. ಹಾಗಲ್ಲ, ಎರಡೂ ಕಣ್ಣು.’ ಮೂರು ಸಲ ತಪ್ಪಿತು. ನಾಲ್ಕನೇ ಸಲಕ್ಕೆ ನಾನು ಬದುಕಿದ್ದೇನೆ ಅಂತ ಆಯಿತು.

ಅವಳು ಫೋನ್ ವಾಪಸ್ ಕೊಡುವಾಗ ಅವಳ ಬೆರಳ ಸಂದಿಯಲ್ಲಿ ಟೋಕನ್ ಕಾಣಿಸಿತು. 47. ಕೌಂಟರಿನ ಮೇಲಿನ ಕೆಂಪು ದೀಪದಲ್ಲಿ 52 ಓಡುತ್ತಿತ್ತು.